ಚಾಲೂ ಆದ ಕ್ಷಣವೇ ದೋಣಿ ಮುಂದಕ್ಕೆ ಚಿಮ್ಮಿತು: ಔಟ್‌ಬೋರ್ಡ್ ಎಂಜಿನ್ನನ್ನು ಆರಂಭಿಸುವ ಮತ್ತು ನಿಲ್ಲಿಸುವ ಸರಿಯಾದ ಕ್ರಮ ಯಾವುದು?

ಹೊಸ ದೋಣಿಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಸುಮಾರು 4 ಮೀಟರ್ ಉದ್ದದ ಫೈಬರ್ ದೋಣಿ ಇದೆ. ಇಷ್ಟು ದಿನ ಹುಟ್ಟು ಹಾಕಿಕೊಂಡೇ ನಡೆಸುತ್ತಿದ್ದೆ. ಎರಡು ತಿಂಗಳ ಹಿಂದೆ, ಬೇರೊಬ್ಬರು ಬಳಸಿದ್ದ 15 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು) ಕೊಂಡು ಅದಕ್ಕೆ ಅಳವಡಿಸಿದ್ದೇನೆ. ಕೈಯಿಂದ ಹಗ್ಗ ಎಳೆದು ಚಾಲೂ ಮಾಡುವ, ಹಿಡಿಯನ್ನು ತಿರುಗಿಸಿ ವೇಗ ಹೆಚ್ಚಿಸುವ ಮಾದರಿ ಇದು. ಕೈಪಿಡಿ ಕೊಟ್ಟಿಲ್ಲ. ಮಾರಿದವರು ಐದು ನಿಮಿಷ ತೋರಿಸಿಕೊಟ್ಟದ್ದಷ್ಟೇ ನನಗೆ ಸಿಕ್ಕ ತರಬೇತಿ.

ಕಳೆದ ವಾರ ದಡಕ್ಕೆ ತಾಗಿದಂತೆ ನಿಂತಿದ್ದ ದೋಣಿಯಲ್ಲಿ ಹಗ್ಗ ಎಳೆದೆ. ಮೂರನೆಯ ಎಳೆತಕ್ಕೆ ಎಂಜಿನ್ ಚಾಲೂ ಆಯಿತು, ಆ ಕ್ಷಣವೇ ದೋಣಿ ಮುಂದಕ್ಕೆ ಚಿಮ್ಮಿತು. ಮುಂಭಾಗದಲ್ಲಿ ನಿಂತುಕೊಂಡು ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ ನನ್ನ ತಮ್ಮ ಆಯತಪ್ಪಿ ಒಳಗೇ ಬಿದ್ದು ಮೊಣಕೈ ತರಚಿಕೊಂಡ. ಅವನು ನೀರಿನ ಕಡೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯಿಂದ ಎರಡು ರಾತ್ರಿ ನಿದ್ದೆ ಬರಲಿಲ್ಲ. ಗೇರ್ ಮುಂದಕ್ಕೆ ಬಿದ್ದಿತ್ತು ಎಂಬುದು ಆಮೇಲೆ ಗೊತ್ತಾಯಿತು, ನಾನು ನೋಡಿರಲಿಲ್ಲ.

ಇನ್ನೂ ಎರಡು ಸಂದೇಹಗಳಿವೆ. ಎಂಜಿನ್ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಉಸಿರು ಕಟ್ಟಿದಂತೆ ಕುಗ್ಗಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಸುಕಿದರೆ ಮತ್ತೆ ಚಾಲೂ ಆಗುತ್ತದೆ. ಎರಡನೆಯದು ನಿಲ್ಲಿಸುವ ಬಗೆಗೆ. ನಾನು ದಡ ಹತ್ತಿರವಾದಾಗ ವೇಗದಲ್ಲಿರುವಂತೆಯೇ, ಸ್ವಿಚ್ಚಿಗೆ ಸಿಕ್ಕಿಸಿರುವ, ಕಿತ್ತರೆ ಎಂಜಿನ್ ಆರುವಂಥ ಕೆಂಪು ದಾರವನ್ನು ಕಿತ್ತು ಎಂಜಿನ್ ಆರಿಸುತ್ತಿದ್ದೆ. ಒಮ್ಮೆ ಹಿಂದಿನಿಂದ ಬಂದ ಅಲೆ ದೋಣಿಯೊಳಗೆ ನುಗ್ಗಿ ಪಾದ ಮುಳುಗುವಷ್ಟು ನೀರು ತುಂಬಿತು. ಹಾಗೆ ದಾರ ಕಿತ್ತು ನಿಲ್ಲಿಸಿದರೆ ಎಂಜಿನ್ ಹಾಳಾಗುತ್ತದೆ, ಆ ದಾರವನ್ನು ಸ್ವಿಚ್ಚಿಗೇ ಸಿಕ್ಕಿಸಿಟ್ಟು ಮರೆತುಬಿಡು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಿಜವೇ? ಮೊದಲಿನಿಂದ ಕೊನೆಯವರೆಗೆ ಸರಿಯಾದ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಇಪ್ಪತ್ತು ವರ್ಷದ ಹುಟ್ಟು

ನಿಮ್ಮ ತಮ್ಮನಿಗೆ ತರಚು ಗಾಯವಷ್ಟೇ ಆಯಿತು ಎಂದು ಓದಿ ಸಮಾಧಾನವಾಯಿತು. ಸಣ್ಣ ದೋಣಿಗಳ ಒಡನಾಟದಲ್ಲಿ ನಾನು ಕಣ್ಣಾರೆ ಕಂಡ ಅವಘಡಗಳಲ್ಲಿ ಹೆಚ್ಚಿನವು ನಡುನೀರಿನಲ್ಲಿ ಆದವಲ್ಲ. ದಡದ ಪಕ್ಕದಲ್ಲಿ, ಎಂಜಿನ್ ಚಾಲೂ ಮಾಡುವ ಅಥವಾ ಆರಿಸುವ ಒಂದೆರಡು ನಿಮಿಷಗಳಲ್ಲಿ ಆದವು. ಆದ್ದರಿಂದ ಸ್ಟಾರ್ಟರ್ ಹಗ್ಗಕ್ಕೆ ಕೈ ಹಾಕುವ ಮೊದಲಿನ ಕೆಲಸಗಳ ಬಗ್ಗೆಯೇ ನಾನು ಹೆಚ್ಚು ಹೇಳುತ್ತೇನೆ.

ಪೆಟ್ರೋಲಿನಿಂದ ಆರಂಭಿಸೋಣ. ಹೊತ್ತೊಯ್ಯುವ ಟ್ಯಾಂಕನ್ನು ದೋಣಿಯೊಳಗೆ ಇಟ್ಟುಕೊಂಡು ಎಂದೂ ತುಂಬಿಸಬೇಡಿ. ಹೊರಗೆ ತಂದು, ನೆಲದ ಮೇಲಿಟ್ಟು, ಅಂಚಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಬಯಲಿನಲ್ಲಿ ಚೆಲ್ಲಿದರೆ ಅದು ಹರಡಿ ಹೋಗುತ್ತದೆ, ದೋಣಿಯ ತಳದಲ್ಲಿ ಚೆಲ್ಲಿದರೆ ಬಟ್ಟಲಿನಲ್ಲಿ ನೀರು ನಿಂತಂತೆ ಅಲ್ಲಿಯೇ ನಿಲ್ಲುತ್ತದೆ. ಚಾಲೂ ಮಾಡುವ ಮುನ್ನ ಬಗ್ಗಿ ಒಮ್ಮೆ ಮೂಸಿ ನೋಡುವುದು ನಾಚಿಕೆಯ ಕೆಲಸವಲ್ಲ. ವಾಸನೆ ಬಂದರೆ ಚೆಲ್ಲಿದ್ದನ್ನು ಒರೆಸಿ, ಗಾಳಿಯಾಡಲು ಬಿಟ್ಟು, ಆಮೇಲೆ ಮುಂದುವರಿಯಿರಿ.

ನಂತರ ಎಂಜಿನ್ನನ್ನು ಹಿಂಬದಿಯ ಹಲಗೆಗೆ ಬಿಗಿದಿರುವ ಎರಡು ತಿರುಪುಗಳನ್ನು ಕೈಯಿಂದ ಬಿಗಿದು ನೋಡಿ. ನಡುಕಕ್ಕೆ ಅವು ದಿನದಿನವೂ ಕೂದಲೆಳೆಯಷ್ಟು ಸಡಿಲವಾಗುತ್ತವೆ. ಎಂಜಿನ್ನನ್ನು ದೋಣಿಗೆ ಸೇರಿಸಿ ಕಟ್ಟಿದ ಗಟ್ಟಿ ಹಗ್ಗವೊಂದು ಬೇರೆಯಾಗಿಯೇ ಇರಲಿ. ಎಂಜಿನ್ನನ್ನು ಕೆಳಗಿಳಿಸಿ, ಪ್ರೊಪೆಲ್ಲರಿನ ಮೇಲಿರುವ ಅಗಲವಾದ ತಟ್ಟೆ ನೀರಿನಲ್ಲಿ ಮುಳುಗಿದೆಯೇ, ಕೆಳಗೆ ಮರಳು ತಾಗುತ್ತಿಲ್ಲವೇ, ದೋಣಿ ಕಟ್ಟಿದ ಹಗ್ಗವಾಗಲಿ ಬಲೆಯಾಗಲಿ ಅದರ ಸುತ್ತ ಬಿದ್ದಿಲ್ಲವೇ ಎಂದು ನೋಡಿಕೊಳ್ಳಿ. ಹಿಂದೆ ಯಾರಾದರೂ ಈಜುತ್ತಿದ್ದರೆ ಅವರು ದೂರ ಹೋಗುವ ತನಕ ಕಾಯಿರಿ. ದೋಣಿಯಲ್ಲಿರುವ ಎಲ್ಲರೂ ಕುಳಿತಿರಬೇಕು. ಹಗ್ಗ ಬಿಚ್ಚುವವರು ಕೂಡ, ಎಂಜಿನ್ ಚಾಲೂ ಆಗಿ ಸ್ಥಿರವಾಗಿ ಓಡಲು ತೊಡಗಿದ ಮೇಲೆಯೇ ಬಿಚ್ಚಬೇಕು. ನೀವು ಬಿಚ್ಚುವುದನ್ನು ಮೊದಲು ಮಾಡಿಸಿದಿರಿ. ಎಂಜಿನ್ ಚಾಲೂ ಆಗದೇ ಹೋಗಿದ್ದರೆ ದೋಣಿ ಗಾಳಿಗೆ ತೇಲಿ ಹೋಗುತ್ತಿತ್ತು. ಲೈಫ್ ಜಾಕೆಟ್ ಎಲ್ಲರ ಮೈಮೇಲೆ ಇರಲಿ. ಕೆಂಪು ದಾರದ ಒಂದು ತುದಿ ಸ್ವಿಚ್ಚಿನಲ್ಲಿ, ಇನ್ನೊಂದು ತುದಿ ಎಂಜಿನ್ ನಡೆಸುವವರ ಮಣಿಕಟ್ಟಿಗೋ ಜಾಕೆಟ್ಟಿನ ಗಟ್ಟಿ ಕೊಂಡಿಗೋ ಇರಲಿ. ಅವರು ನೀರಿಗೆ ಬಿದ್ದರೆ ದಾರ ಕಿತ್ತುಬಂದು ಎಂಜಿನ್ ಆರುತ್ತದೆ.

ಈಗ ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪನ್ನು ಬಿಚ್ಚಿ, ಪೈಪನ್ನು ಜೋಡಿಸಿ. ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆ ತೋರಿಸಬೇಕು. ಆ ಬಾಣ ಮೇಲ್ಮುಖವಾಗುವಂತೆ ಬಲ್ಬನ್ನು ನೆಟ್ಟಗೆ ಹಿಡಿದು ಹಿಸುಕಿದರೆ ಒಳಗಿನ ಕವಾಟಗಳು ಸರಿಯಾಗಿ ಕೂತು ಬೇಗ ತುಂಬುತ್ತದೆ. ಅದು ಕೈಗೆ ಗಟ್ಟಿಯಾದಾಗ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಒತ್ತಿದರೆ ಪೆಟ್ರೋಲ್ ಕಾರ್ಬ್ಯುರೇಟರಿನಿಂದ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಹೊರಗೆ ಉಕ್ಕಬಹುದು.

ಗೇರನ್ನು ಕಣ್ಣಿನಿಂದ ನೋಡಿ ನಂಬಬೇಡಿ. ಗೇರಿನ ಕಡ್ಡಿಯನ್ನು ಕೈಯಿಂದ ಅಲುಗಿಸಿ, ನಡುವಿನ ನ್ಯೂಟ್ರಲ್ ಜಾಗದಲ್ಲಿ ಅದು ಕಟಕ್ ಎಂದು ಕೂತದ್ದು ಕೈಗೆ ತಿಳಿಯಬೇಕು. ಹಿಡಿಯನ್ನು ಚಾಲೂ ಮಾಡುವ ಗುರುತಿಗೆ ತಿರುಗಿಸಿ. ಎಂಜಿನ್ ತಣ್ಣಗಿದ್ದರೆ ಮಾತ್ರ ಚೋಕ್ (ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಎಳೆಯಿರಿ.

ಹಗ್ಗ ಎಳೆಯುವುದಕ್ಕೂ ಒಂದು ಹದವಿದೆ. ನಿಮ್ಮ ಹಿಂದೆ ಯಾರ ಮುಖವೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಮೊಣಕೈ ರಭಸವಾಗಿ ಹಿಂದಕ್ಕೆ ಬರುತ್ತದೆ. ಸಣ್ಣ ದೋಣಿಯಲ್ಲಿ ನಿಂತು ಎಳೆಯುವುದಕ್ಕಿಂತ ಕುಳಿತೋ ಮಂಡಿಯೂರಿಯೋ, ಎಡಗೈಯನ್ನು ಎಂಜಿನ್ನಿನ ಮೇಲೆ ಊರಿಕೊಂಡು ಎಳೆಯುವುದು ಮೇಲು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಮೊದಲು ನಿಧಾನವಾಗಿ ಎಳೆದು, ಒಳಗೆ ಹಲ್ಲು ಕಚ್ಚಿದಂತೆ ಬಿಗಿಯಾದ ಮೇಲೆ ಒಮ್ಮೆಗೇ ಜೋರಾಗಿ ಎಳೆಯಿರಿ. ಹಗ್ಗದ ಕೊನೆಯವರೆಗೆ ಜಗ್ಗಬೇಡಿ. ವಾಪಸ್ಸು ಹೋಗುವಾಗ ಕೈಬಿಡದೆ, ಕೈಯ ಜೊತೆಯಲ್ಲೇ ಒಳಗೆ ಕಳಿಸಿ. ಎಂಜಿನ್ ಚಾಲೂ ಆದೊಡನೆ ವೇಗವನ್ನು ಇಳಿಸಿ, ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಿ, ಎಂಜಿನ್ನನ್ನು ತಂಪಾಗಿಸುವ ನೀರಿನ ಧಾರೆ ಬದಿಯ ಕಿರುರಂಧ್ರದಿಂದ ಬರುತ್ತಿದೆಯೇ ಎಂದು ನೋಡಿ. ಎಷ್ಟು ಎಳೆದರೂ ಚಾಲೂ ಆಗದೆ ಪೆಟ್ರೋಲಿನ ವಾಸನೆ ಜೋರಾಗಿ ಬಂದರೆ ಒಳಗೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಆಗ ಚೋಕ್ ಪೂರ್ತಿ ಒಳಗಿಟ್ಟು, ಬಲ್ಬನ್ನು ಮುಟ್ಟದೆ, ನ್ಯೂಟ್ರಲ್ ಇದೆಯೆಂದು ಮತ್ತೆ ನೋಡಿಕೊಂಡು, ಹಿಡಿಯನ್ನು ಹೆಚ್ಚು ತೆರೆದು ಐದಾರು ಬಾರಿ ಎಳೆಯಿರಿ. ಚಾಲೂ ಆದ ಕೂಡಲೇ ಹಿಡಿಯನ್ನು ಇಳಿಸಲು ಸಿದ್ಧರಾಗಿರಿ.

ಒಂದು ಮಾತನ್ನು ಸೇರಿಸುತ್ತೇನೆ. 1909ರಲ್ಲಿ ಓಲೆ ಎವಿನ್‌ರೂಡ್ ಮಾರಾಟಕ್ಕೆ ತಂದಂಥ ಮೊದಮೊದಲ ಔಟ್‌ಬೋರ್ಡ್‌ಗಳಲ್ಲಿ ನ್ಯೂಟ್ರಲ್ ಎಂಬುದೇ ಇರಲಿಲ್ಲ. ಎಂಜಿನ್ ತಿರುಗಿತೆಂದರೆ ಪ್ರೊಪೆಲ್ಲರೂ ತಿರುಗುತ್ತಿತ್ತು, ದೋಣಿ ಹೊರಟುಬಿಡುತ್ತಿತ್ತು. ಅಂಥ ಎಂಜಿನ್ ಇದ್ದವರು ದೋಣಿಯ ಮೂತಿಯನ್ನು ಬಯಲು ನೀರಿನ ಕಡೆ ತಿರುಗಿಸಿಕೊಳ್ಳದೆ ಚಾಲೂ ಮಾಡುವಂತೆಯೇ ಇರಲಿಲ್ಲ. ನ್ಯೂಟ್ರಲ್ ಇರುವ ಎಂಜಿನ್ನಿನಲ್ಲೂ ಆ ಅಭ್ಯಾಸ ಒಳ್ಳೆಯದೇ. ನಿಮ್ಮ ದೋಣಿ ಅಂದು ಚಿಮ್ಮಿದಾಗ ಎದುರಿಗೆ ಕಲ್ಲಿನ ಕಟ್ಟೆ ಇರಲಿಲ್ಲ ಎಂಬುದು ಭಾಗ್ಯ.

ಎಂಜಿನ್ ರಿಪೇರಿಯವನು

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ಒಂದು ಸಂಗತಿಯನ್ನು ಯಾರೂ ಎತ್ತಿಕೊಂಡಿಲ್ಲ. ಈ ಗಾತ್ರದ, ಗೇರ್ ಇರುವ ಹೆಚ್ಚಿನ ಎಂಜಿನ್‌ಗಳಲ್ಲಿ, ಗೇರ್ ಬಿದ್ದಿರುವಾಗ ಸ್ಟಾರ್ಟರ್ ಹಗ್ಗವನ್ನು ಎಳೆಯಲು ಬರುವುದೇ ಇಲ್ಲ. ಗೇರಿನ ಕಡ್ಡಿಯಿಂದ ಸ್ಟಾರ್ಟರಿಗೆ ಹೋಗುವ ತೆಳ್ಳನೆಯ ಕೇಬಲ್ಲೋ ಸಲಾಕೆಯೋ ಹಗ್ಗದ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ನಿಮ್ಮದು ಗೇರಿನಲ್ಲಿದ್ದೂ ಮೂರು ಬಾರಿ ಸರಾಗವಾಗಿ ಎಳೆಯಲು ಬಂತು ಎಂದರೆ, ಆ ತಡೆ ತುಂಡಾಗಿರಬೇಕು, ಹೊಂದಾಣಿಕೆ ತಪ್ಪಿರಬೇಕು, ಇಲ್ಲವೇ ಹಿಂದಿನವರು ಹಗ್ಗ ಬದಲಿಸುವಾಗ ಅದನ್ನು ಮರಳಿ ಜೋಡಿಸದೆ ಬಿಟ್ಟಿರಬೇಕು. ಮೂರನೆಯದನ್ನು ನಾನು ರಿಪೇರಿ ಮೇಜಿನ ಮೇಲೆ ಎಷ್ಟೋ ಬಾರಿ ನೋಡಿದ್ದೇನೆ. ನೀವು ಗೇರ್ ನೋಡಲಿಲ್ಲ ಎಂಬುದು ನಿಜ, ಆದರೆ ಯಂತ್ರ ತಾನು ಮಾಡಬೇಕಾದ ಕೆಲಸವನ್ನು ಮಾಡಿಲ್ಲ ಎಂಬುದೂ ಅಷ್ಟೇ ನಿಜ. ಕೆಂಪು ದಾರವನ್ನು ಕಿತ್ತಿಟ್ಟು, ಅಂದರೆ ಎಂಜಿನ್ ಚಾಲೂ ಆಗದಂತೆ ಮಾಡಿಕೊಂಡು, ಗೇರನ್ನು ಮುಂದಕ್ಕೆ ಹಾಕಿ ಹಗ್ಗವನ್ನು ನಿಧಾನವಾಗಿ ಎಳೆದು ನೋಡಿ. ಬಂದರೆ, ದುರಸ್ತಿಯಾಗುವವರೆಗೆ ದೋಣಿಯನ್ನು ನೀರಿಗಿಳಿಸಬೇಡಿ.

ಇದಕ್ಕೆ ಸೇರಿದ ಇನ್ನೊಂದು ಅಪಾಯವಿದೆ. ಸ್ಟಾರ್ಟರ್ ಕೆಟ್ಟಾಗ ಮೇಲಿನ ಮುಚ್ಚಳ ತೆಗೆದು, ಫ್ಲೈವೀಲಿಗೆ (ಎಂಜಿನ್ನಿನ ಮೇಲ್ತುದಿಯಲ್ಲಿ ತಿರುಗುವ ಭಾರದ ಗಾಲಿ) ಬಿಡಿ ಹಗ್ಗ ಸುತ್ತಿ ಎಳೆದು ಚಾಲೂ ಮಾಡುವ ತುರ್ತು ವಿಧಾನವನ್ನು ಬಹಳ ಜನ ಬಲ್ಲರು. ಆಗ ಗೇರಿನ ಈ ತಡೆ ಕೆಲಸ ಮಾಡುವುದಿಲ್ಲ. ಎಂಜಿನ್ ಯಾವ ಗೇರಿನಲ್ಲಿದ್ದರೂ ಚಾಲೂ ಆಗುತ್ತದೆ, ಜೊತೆಗೆ ತಿರುಗುವ ಫ್ಲೈವೀಲ್ ಬೆರಳುಗಳ ಪಕ್ಕದಲ್ಲೇ ಬಯಲಾಗಿರುತ್ತದೆ. ಅನಿವಾರ್ಯವಾದಾಗ ಮಾತ್ರ, ಸಡಿಲವಾದ ತೋಳು, ಕೂದಲು, ಜಾಕೆಟ್ಟಿನ ಪಟ್ಟಿ ಎಲ್ಲವನ್ನೂ ಕಟ್ಟಿಕೊಂಡು ಮಾಡಬೇಕಾದ ಕೆಲಸ ಅದು.

ಹತ್ತು ನಿಮಿಷಕ್ಕೆ ಎಂಜಿನ್ ನಿಲ್ಲುವ ಬಗ್ಗೆ. ಅದು ನಿಂತ ಕೂಡಲೇ, ಹಿಸುಕುವ ಮೊದಲು, ಬಲ್ಬನ್ನು ಕಣ್ಣಿಂದ ನೋಡಿ. ಅದು ಒಳಗೆ ಸೊಟ್ಟಗೆ ಹೀರಿಕೊಂಡಂತೆ ಚಪ್ಪಟೆಯಾಗಿದ್ದರೆ ತೊಂದರೆ ಟ್ಯಾಂಕಿನ ಕಡೆಗಿದೆ. ಬಹುಪಾಲು ಗಾಳಿಯ ತಿರುಪನ್ನು ಬಿಚ್ಚಿರುವುದಿಲ್ಲ, ಇಲ್ಲವೇ ಅದರ ರಂಧ್ರದಲ್ಲಿ ಕಸ ಕೂತಿರುತ್ತದೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತದೆ, ಪಂಪು ಎಳೆಯಲಾರದೆ ಸೋಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಚಾಲೂ ಆಗುವುದೂ ಇದೇ ಕಾರಣಕ್ಕೆ. ಬಲ್ಬ್ ಗಟ್ಟಿಯಾಗಿಯೇ ಇದ್ದು ಎಂಜಿನ್ ನಿಂತರೆ ಕಾರ್ಬ್ಯುರೇಟರ್ ಅಥವಾ ಸ್ಪಾರ್ಕ್ ಪ್ಲಗ್ ಕಡೆ ಹುಡುಕಬೇಕು. ಬಲ್ಬ್ ಮೆತ್ತಗಾಗಿದ್ದರೆ, ಎಲ್ಲೋ ಜೋಡಣೆಯಲ್ಲಿ ಗಾಳಿ ಒಳನುಗ್ಗುತ್ತಿದೆಯೇ ಅಥವಾ ಬಲ್ಬಿನ ಕವಾಟವೇ ಸವೆದಿದೆಯೇ ಎಂದು ನೋಡಬೇಕು.

ಇನ್ನು ಕೆಂಪು ದಾರ. ಅದನ್ನು ಕಿತ್ತರೆ ಎಂಜಿನ್ ಹಾಳಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನಿಮ್ಮಂಥ ಎಂಜಿನ್‌ಗಳಲ್ಲಿ ನಿಲ್ಲಿಸುವ ಗುಂಡಿಯೂ ದಾರದ ಕೊಂಡಿಯೂ ಸಾಮಾನ್ಯವಾಗಿ ಒಂದೇ ಸ್ವಿಚ್ಚಿನ ಎರಡು ಬಗೆಗಳು. ಎರಡೂ ಮಾಡುವುದು ಒಂದೇ ಕೆಲಸ: ಕಿಡಿಗೆ ಬೇಕಾದ ವಿದ್ಯುತ್ತನ್ನು ಎಂಜಿನ್ನಿನ ಲೋಹದ ಮೈಗೆ ಹರಿಸಿಬಿಡುವುದು. ಕಿಡಿ ಇಲ್ಲದೆ ಎಂಜಿನ್ ನಿಲ್ಲುತ್ತದೆ, ಅಷ್ಟೇ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಗಮನವಿಟ್ಟು ಓದಿ. ಈ ಜೋಡಣೆಯಲ್ಲಿ ಸ್ವಿಚ್ಚಿನ ತಂತಿ ಉಪ್ಪು ಹಿಡಿದು ತುಂಡಾದರೆ ಎಂಜಿನ್ ನಿಲ್ಲುವುದಿಲ್ಲ. ಬದಲಿಗೆ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ಅಂದರೆ ಸ್ವಿಚ್ ಸತ್ತಿದೆ ಎಂಬುದು ಬೇಕಾದ ಗಳಿಗೆಯವರೆಗೂ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಬಾರಿ ಹೊರಡುವ ಮುನ್ನ, ಕಟ್ಟಿದ ದೋಣಿಯಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಮ್ಮೆ ದಾರ ಕಿತ್ತು ನಿಲ್ಲಿಸಿ, ಮತ್ತೆ ಚಾಲೂ ಮಾಡಿ. ಒಂದು ವೇಳೆ ನಿಲ್ಲದೇ ಹೋದರೆ ಚೋಕನ್ನು ಪೂರ್ತಿ ಎಳೆಯಿರಿ. ಪೆಟ್ರೋಲ್ ಮಿತಿಮೀರಿ ಎಂಜಿನ್ ಕಟ್ಟಿಕೊಂಡು ನಿಲ್ಲುತ್ತದೆ. ಅದೂ ಆಗದಿದ್ದರೆ ಪೆಟ್ರೋಲ್ ಪೈಪನ್ನು ಕಳಚಿ, ಆದರೆ ಒಳಗೆ ಉಳಿದದ್ದು ಮುಗಿಯುವವರೆಗೆ ಸ್ವಲ್ಪ ಹೊತ್ತು ಓಡುತ್ತದೆ.

ನೀರಿನ ಧಾರೆಯ ಬಗ್ಗೆ ಒಂದು ಮಾತು. ಒಳಗೆ ನೀರೆತ್ತುವುದು ರಬ್ಬರಿನ ಸಣ್ಣ ರೆಕ್ಕೆಚಕ್ರ. ಅದಕ್ಕೆ ನೀರೇ ಎಣ್ಣೆ. ದಡದ ಮೇಲೆ "ಒಂದೇ ನಿಮಿಷ ನೋಡೋಣ" ಎಂದು ನೀರಿಲ್ಲದೆ ಓಡಿಸಿದರೆ ರಬ್ಬರ್ ಸುಡಲು ಕೆಲವು ಸೆಕೆಂಡುಗಳು ಸಾಕು. ಧಾರೆ ಬಾರದಿದ್ದರೆ ಎಂಜಿನ್ ಆರಿಸಿ, ಗಾಳದ ದಪ್ಪ ದಾರವನ್ನೋ ತೆಳ್ಳನೆಯ ತಂತಿಯನ್ನೋ ಆ ರಂಧ್ರದಲ್ಲಿ ಆಡಿಸಿ ಮರಳನ್ನು ಬಿಡಿಸಿ. ಆಮೇಲೂ ಬಾರದಿದ್ದರೆ, ಅಥವಾ ಧಾರೆಯ ಬದಲು ಹಬೆ ಬಂದರೆ, ಮುಂದಕ್ಕೆ ಹೋಗುವ ಯೋಚನೆ ಬೇಡ.

ಒಮ್ಮೆ ಬಿದ್ದವಳು

ನಾನು ಎಂಜಿನ್ ತಜ್ಞಳಲ್ಲ. "ದಾರವನ್ನು ಸ್ವಿಚ್ಚಿಗೇ ಸಿಕ್ಕಿಸಿಟ್ಟು ಮರೆತುಬಿಡು" ಎಂಬ ಸಲಹೆಯನ್ನು ಓದಿದ ಮೇಲೆ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಆರು ವರ್ಷಗಳ ಹಿಂದೆ, ಶಾಂತವಾದ ನೀರಿನಲ್ಲಿ, ಒಬ್ಬಳೇ ದೋಣಿ ನಡೆಸುತ್ತಿದ್ದಾಗ, ಮುಂದೆ ಜಾರಿದ್ದ ಚೀಲವನ್ನು ಎಳೆದುಕೊಳ್ಳಲು ಬಗ್ಗಿದೆ. ಎಲ್ಲಿಂದಲೋ ಬಂದ ಒಂದು ಅಲೆಗೆ ದೋಣಿ ಓರೆಯಾಯಿತು, ಹಿಡಿ ಕೈಯಿಂದ ತಪ್ಪಿತು, ನಾನು ನೀರಿನಲ್ಲಿದ್ದೆ. ದಾರ ಮಣಿಕಟ್ಟಿಗೆ ಇರಲಿಲ್ಲ. ಸ್ವಿಚ್ಚಿನ ಬಳಿ ಅಂದವಾಗಿ ಸುತ್ತಿಟ್ಟಿದ್ದೆ. ದೋಣಿ ನೇರವಾಗಿ ದೂರ ಹೋಗಿಬಿಡುತ್ತದೆ ಎಂದು ನಾನು ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಯಾರೂ ಹಿಡಿಯದ ಎಂಜಿನ್ ಪ್ರೊಪೆಲ್ಲರಿನ ತಿರುಗುಬಲಕ್ಕೆ ಒಂದು ಬದಿಗೆ ಹೊರಳಿತು, ದೋಣಿ ವೃತ್ತಾಕಾರವಾಗಿ ಸುತ್ತುತ್ತ ನನ್ನ ಕಡೆಗೇ ಬರತೊಡಗಿತು. ಎರಡು ಸುತ್ತು ನನ್ನಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು. ಮೂರನೆಯ ಸುತ್ತಿನ ಹೊತ್ತಿಗೆ ನಾನು ಆ ವೃತ್ತದಿಂದ ಹೊರಗೆ ಈಜಿದ್ದೆ. ಕೊನೆಗೆ ಅದು ಜೊಂಡಿನೊಳಗೆ ನುಗ್ಗಿ ನಿಂತಿತು.

ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದು, ಒಳಗಿನ ಹಲ್ಲುಚಕ್ರಗಳು ಅದನ್ನು ಅರ್ಧಕ್ಕೆ ಇಳಿಸುತ್ತವೆ ಎಂದುಕೊಂಡರೂ, ಮೂರು ರೆಕ್ಕೆಗಳ ಪ್ರೊಪೆಲ್ಲರಿನಲ್ಲಿ ಒಂದು ಸೆಕೆಂಡಿಗೆ ಸುಮಾರು 125 ಬಾರಿ ರೆಕ್ಕೆಯ ಅಂಚು ಒಂದೇ ಜಾಗವನ್ನು ದಾಟುತ್ತದೆ. ಈ ಲೆಕ್ಕವನ್ನು ನಾನು ಆಮೇಲೆ ಕಾಗದದ ಮೇಲೆ ಮಾಡಿ ನೋಡಿದೆ. ಅಂದಿನಿಂದ ದಾರ ಕಟ್ಟಿಕೊಳ್ಳದೆ ನಾನು ಸ್ಟಾರ್ಟರ್ ಹಗ್ಗವನ್ನು ಮುಟ್ಟಿಲ್ಲ. ದಾರವನ್ನು ಸಡಿಲವಾದ ತೋಳಿಗೋ ಗುಂಡಿಗೋ ಸಿಕ್ಕಿಸಿದರೆ ಬಟ್ಟೆ ಹರಿದು ದಾರ ಸ್ವಿಚ್ಚಿನಲ್ಲಿಯೇ ಉಳಿಯಬಹುದು, ಆದ್ದರಿಂದ ಮೈಗೆ ಬಿಗಿದ ಜಾಗಕ್ಕೇ ಹಾಕಿ. ಒಂದು ಹೆಚ್ಚುವರಿ ದಾರ ದೋಣಿಯಲ್ಲಿ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಲಿ. ನಡೆಸುವವರು ದಾರದ ಸಮೇತ ನೀರಿಗೆ ಬಿದ್ದಾಗ, ಉಳಿದವರು ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ಅವರನ್ನು ತರಲು ಅದು ಬೇಕು.

ಯಾರಾದರೂ ನೀರಿನಿಂದ ದೋಣಿಗೆ ಹತ್ತುವಾಗ ನ್ಯೂಟ್ರಲ್ ಸಾಲದು, ಎಂಜಿನ್ ಪೂರ್ತಿ ಆರಿರಬೇಕು. ಹತ್ತುವವರ ಕಾಲೋ ಒಳಗಿರುವವರ ಮೊಣಕೈಯೋ ಗೇರಿನ ಕಡ್ಡಿಗೆ ತಾಗಲು ಎಷ್ಟು ಹೊತ್ತು ಬೇಕು?

ಸಂಜೆ ದೋಣಿ

ನಿಲ್ಲಿಸುವ ವಿಚಾರವನ್ನು ಯಾರೂ ವಿವರವಾಗಿ ಹೇಳಿಲ್ಲ, ಆದ್ದರಿಂದ ನನ್ನ ಪಾಲನ್ನು ಸೇರಿಸುತ್ತೇನೆ. ದೋಣಿಯೊಳಗೆ ನೀರು ನುಗ್ಗಿದ್ದಕ್ಕೆ ಕಾರಣ ದಾರವಲ್ಲ, ವೇಗ. ದೋಣಿ ಓಡುವಾಗ ತನ್ನ ಹಿಂದೆ ಒಂದು ಅಲೆಯನ್ನು ಎಳೆದುಕೊಂಡೇ ಬರುತ್ತದೆ. ದೋಣಿ ತಟ್ಟನೆ ನಿಂತರೂ ಆ ಅಲೆ ನಿಲ್ಲುವುದಿಲ್ಲ. ಅದು ಬಂದು, ಎಂಜಿನ್ನಿಗೋಸ್ಕರ ತಗ್ಗಾಗಿ ಕತ್ತರಿಸಿದ ಹಿಂಬದಿಯ ಹಲಗೆಯ ಮೇಲಿಂದ ಒಳಗಿಳಿಯುತ್ತದೆ. ಆದ್ದರಿಂದ ದಡ ಇನ್ನೂ ದೂರವಿರುವಾಗಲೇ ವೇಗವನ್ನು ಹಂತಹಂತವಾಗಿ ಇಳಿಸಿ, ಹಿಂದಿನ ಅಲೆ ಕೆಳಗಿನಿಂದ ಹಾದುಹೋಗಲು ಬಿಡಿ. ಹಿಡಿ ಪೂರ್ತಿ ಇಳಿದು ಎಂಜಿನ್ ನಿಧಾನಗತಿಗೆ ಬಂದ ಮೇಲೆ ನ್ಯೂಟ್ರಲ್‌ಗೆ ಹಾಕಿ. ಗೇರ್ ಬದಲಿಸುವಾಗ ಮಾತ್ರ ನಿಧಾನ ಬೇಡ: ವೇಗ ಕಡಿಮೆ ಇರಲಿ, ಕೈ ಚುರುಕಾಗಿರಲಿ. ಕಡ್ಡಿಯನ್ನು ಮೆಲ್ಲಮೆಲ್ಲನೆ ತಳ್ಳಿದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಮೂಲೆ ಸವೆಯುತ್ತವೆ, ಮುಂದೆ ಗೇರ್ ತಾನಾಗಿ ಜಾರತೊಡಗುತ್ತದೆ. ಓಟದಲ್ಲಿರುವಾಗ ಹಿಂದಿನ ಗೇರ್ ಹಾಕಿ ಬ್ರೇಕಿನಂತೆ ಬಳಸುವುದಂತೂ ಬೇಡವೇ ಬೇಡ.

ದೂರ ಓಡಿಸಿಕೊಂಡು ಬಂದಿದ್ದರೆ ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟು, ಒಳಗಿನ ಕಾವು ನೀರಿನೊಂದಿಗೆ ಹೊರಬಂದ ಮೇಲೆ ಗುಂಡಿ ಒತ್ತಿ. ಆದರೆ ಹಾಗೆ ಓಡುವಾಗ ಹಿಂಬದಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಅದು ನೇರವಾಗಿ ದೋಣಿಯೊಳಕ್ಕೇ ಬರುತ್ತದೆ. ನಿಂತ ಮೇಲೆ ಪೈಪನ್ನು ಕಳಚಿ, ಗಾಳಿಯ ತಿರುಪನ್ನು ಮುಚ್ಚಿ, ಎಂಜಿನ್ನನ್ನು ಮೇಲಕ್ಕೆತ್ತಿ ಅದರ ಕೊಂಡಿ ಸರಿಯಾಗಿ ಕಚ್ಚಿದೆಯೇ ನೋಡಿ. ಉಪ್ಪುನೀರಿನಲ್ಲಿ ಓಡಿಸಿದ್ದರೆ ಆ ದಿನವೇ ಸಿಹಿನೀರಿನಿಂದ ಒಳಗನ್ನು ತೊಳೆಯಬೇಕು. ನಾನು ಪ್ರತಿದಿನ ಕೊನೆಗೆ ಪೈಪ್ ಕಳಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಹಾಗೆ ಮಾಡಿದರೆ ಜೆಟ್‌ಗಳಲ್ಲಿ, ಅಂದರೆ ಪೆಟ್ರೋಲ್ ಹಾಯುವ ಕಿರುರಂಧ್ರಗಳಲ್ಲಿ, ಅಂಟು ಕಟ್ಟುವುದಿಲ್ಲ.

ಎಂಜಿನ್ ರಿಪೇರಿಯವನು

ಕೊನೆಯ ಮಾತೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ನನ್ನ ಒಪ್ಪಿಗೆಯಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಮುಗಿಯುತ್ತ ಬಂದಂತೆ ಎಣ್ಣೆಯೂ ಮುಗಿಯುತ್ತದೆ, ಜೊತೆಗೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಕೊನೆಯ ಗಳಿಗೆಯಲ್ಲಿ ತಾನಾಗಿ ವೇಗ ಏರಿಸಿಕೊಳ್ಳುತ್ತದೆ. ನಿಧಾನಗತಿಯಲ್ಲಿ ಎಂದೋ ಒಮ್ಮೆ ಹೀಗಾದರೆ ಅನಾಹುತವಿಲ್ಲ, ಆದರೆ ದಿನನಿತ್ಯ ಬೇಕಿಲ್ಲ. ನಾಳೆಯೋ ನಾಡಿದ್ದೋ ಮತ್ತೆ ಹೊರಡುವವರು ಹಾಗೆಯೇ ಬಿಡಬಹುದು. ಕೆಲವು ವಾರ ನಿಲ್ಲಿಸುವುದಿದ್ದರೆ, ಕಾರ್ಬ್ಯುರೇಟರಿನ ತಳದಲ್ಲಿರುವ ಸಣ್ಣ ತಿರುಪನ್ನು ಸಡಿಲಿಸಿ ಉಳಿದದ್ದನ್ನು ಒಂದು ಡಬ್ಬಿಗೆ ಇಳಿಸುವುದೇ ಒಳ್ಳೆಯದು. ಓಡಿಸಿ ಮುಗಿಸಿದಾಗ ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಎಂಜಿನ್ನನ್ನು ಬಿಚ್ಚಿ ಒಯ್ಯುವಾಗ ಪ್ರೊಪೆಲ್ಲರಿನ ಕಡೆ ತಗ್ಗಿರಲಿ, ಇಲ್ಲವಾದರೆ ಎಂಜಿನ್ನಿನ ಕೆಳಗಿನ ಉದ್ದನೆಯ ಕಾಲಿನೊಳಗೆ ನಿಂತ ನೀರು ಸಿಲಿಂಡರಿನ ಕಡೆಗೆ ಇಳಿಯುತ್ತದೆ.

ಹೊಸ ದೋಣಿಗಾರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ರಿಪೇರಿಯವರು ಹೇಳಿದಂತೆ ಇಂದು ಬೆಳಿಗ್ಗೆ ದಾರ ಕಿತ್ತಿಟ್ಟು ಗೇರ್ ಹಾಕಿ ಎಳೆದೆ. ಹಗ್ಗ ಸರಾಗವಾಗಿ ಬಂತು. ಮೇಲಿನ ಮುಚ್ಚಳ ತೆಗೆದು ನೋಡಿದರೆ ತೆಳ್ಳನೆಯ ಕೇಬಲ್ಲೊಂದು ಸ್ಟಾರ್ಟರಿನಿಂದ ಕಳಚಿ, ಬದಿಯ ತಂತಿಗಳ ಜೊತೆ ಸೇರಿಸಿ ಕಟ್ಟಿಟ್ಟಂತಿತ್ತು. ತುಂಡಾಗಿರಲಿಲ್ಲ, ಯಾರೋ ಬೇಕೆಂದೇ ಬಿಟ್ಟಿದ್ದಾರೆ. ಗಾಳಿಯ ತಿರುಪಿನ ವಿಚಾರವೂ ನಿಜ. ನಾನು ಅದನ್ನು ಅರ್ಧ ಸುತ್ತು ಮಾತ್ರ ಬಿಚ್ಚುತ್ತಿದ್ದೆ, ಅದರ ಕೆಳಗೆ ಒಣಗಿದ ಮಣ್ಣಿತ್ತು. ತೊಳೆದು ಪೂರ್ತಿ ಬಿಚ್ಚಿದ್ದೇನೆ, ಆದರೆ ಎಂಜಿನ್ ಇನ್ನೂ ಓಡಿಸಿ ನೋಡಿಲ್ಲ.

"ಒಮ್ಮೆ ಬಿದ್ದವಳು" ಅವರು ಬರೆದದ್ದನ್ನು ನನ್ನ ತಮ್ಮನಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೆಚ್ಚುವರಿ ದಾರವೊಂದನ್ನು ತರಿಸುತ್ತಿದ್ದೇನೆ. ಒಂದು ಕೊನೆಯ ಪ್ರಶ್ನೆ: ಆ ಕೇಬಲ್ಲನ್ನು ನಾನೇ ಜೋಡಿಸಬಹುದೇ?

ಎಂಜಿನ್ ರಿಪೇರಿಯವನು

ಕೊಂಡಿಗೆ ಸಿಕ್ಕಿಸುವುದು ಸುಲಭ, ಹೊಂದಿಸುವುದರಲ್ಲಿ ಕೆಲಸವಿದೆ. ನ್ಯೂಟ್ರಲ್‌ನಲ್ಲಿ ಹಗ್ಗ ಸರಾಗವಾಗಿ ಬರಬೇಕು. ಮುಂದಿನ ಗೇರಿನಲ್ಲಿಯೂ ಹಿಂದಿನ ಗೇರಿನಲ್ಲಿಯೂ ಕದಲಬಾರದು. ಕೇಬಲ್ಲಿನ ತುದಿಯ ಎರಡು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ದಾರ ಮತ್ತು ಸ್ಪಾರ್ಕ್ ಪ್ಲಗ್ಗಿನ ತಂತಿ ಎರಡನ್ನೂ ಕಳಚಿಟ್ಟು, ಮೂರೂ ಜಾಗಗಳಲ್ಲಿ ನಾಲ್ಕೈದು ಬಾರಿ ಪರೀಕ್ಷಿಸಿ. ಬೇಕೆಂದೇ ಬಿಚ್ಚಿಟ್ಟಿದ್ದಾರೆ ಎಂದರೆ, ನ್ಯೂಟ್ರಲ್‌ನಲ್ಲಿಯೂ ಹಗ್ಗ ಸಿಕ್ಕಿಕೊಳ್ಳುತ್ತಿದ್ದ ಕಾರಣಕ್ಕೇ ಬಿಚ್ಚಿರುವ ಸಾಧ್ಯತೆ ಹೆಚ್ಚು. ನಿಮಗೂ ಹಾಗೆ ಸಿಕ್ಕಿಕೊಂಡರೆ ಜಗ್ಗಬೇಡಿ. ಗೇರಿನ ಕಡ್ಡಿಯ ಜೋಡಣೆ ಸವೆದಿರಬಹುದು, ಅದನ್ನು ಬಲ್ಲವರ ಕೈಗೆ ಕೊಡಿ. ಮೂರೂ ಜಾಗ ಸರಿಯಾಗಿದ್ದರೆ, ದೋಣಿಯನ್ನು ಎರಡು ಹಗ್ಗಗಳಿಂದ ಕಟ್ಟಿಕೊಂಡು, ತಮ್ಮನನ್ನು ದಡದಲ್ಲಿ ಕೂರಿಸಿ, ಅರ್ಧ ಗಂಟೆ ಓಡಿಸಿ ನೋಡಿ. ಹತ್ತು ನಿಮಿಷ ದಾಟಿದಾಗ ಬಲ್ಬ್ ಹೇಗಿತ್ತು ಎಂದು ಇಲ್ಲಿ ಬರೆಯಿರಿ.